ಕೋಶಸಂಧಿವಿಚಾರ

ಸಂಧಿಯೆಂಬ ಶಬ್ದವನ್ನು ಕೇಳಿದೊಡನೆ ವೈಯಾಕರಣನಿಗೆ ವರ್ಣಗಳ ಮೇಳನವೂ, ವೈದ್ಯನಿಗೆ ಎಲುಬುಗಳ ಕೂಡುಗೆಯೂ, ನೀತಿಶಾಸ್ತ್ರಜ್ಞನಿಗೆ ಷಾಡ್ಗುಣ್ಯದ ಮೊದಲನೆಯ ಗುಣವೂ ನೆನಪಿಗೆ ಬರುವುವು. ನಮ್ಮ ಶಾಸನಗಳಲ್ಲಿ ಸಂಧಿವಿಗ್ರಹಿಗಳೆಂಬ ಅಧಿಕಾರಿಗಳ ಹೆಸರು ಅಡಿಗಡಿಗೆ ಬರುವುದನ್ನು ವಾಚಕರು ಬಲ್ಲರು. ಈ ಮೂರಲ್ಲದೆ ನಾಲ್ಕನೆಯದೊಂದು ಸಂಧಿಯು ಈಚಿನ ಜೀವಶಾಸ್ತ್ರದಲ್ಲಿ ಪ್ರಸಿದ್ಧವಾಗಿದೆ. ಅದು ಒಂದು ಜೀವಕೋಶವು ತನ್ನ ನೆರೆಯ ಜೀವಕೋಶದೊಡನೆ ಕೂಡುವ ಎಡೆ. ಆ ಎಡೆಯ ಮೂಲಕ ಅಣುಗಳು ಕೋಶದಿಂದ ಕೋಶಕ್ಕೆ ಹೇಗೆ ಸಂಚರಿಸುತ್ತವೆ, ಈ ಸಂಗತಿಯನ್ನು ವಿದ್ವಾಂಸರು ಯಾವ ಕ್ರಮದಿಂದ ಕಂಡುಕೊಂಡರು, ಕಂಡುದಕ್ಕೆ ಯಾವ ಹೆಸರುಗಳನ್ನಿಟ್ಟರು, ಆ ಹೆಸರುಗಳನ್ನು ಕನ್ನಡಿಸುವಲ್ಲಿ ನಾವು ಎಡವಿರುವುದೆಲ್ಲಿ ಎಂಬುದನ್ನು ವಿಚಾರ ಮಾಡುವುದೇ ಪ್ರಕೃತ ಲೇಖನದ ಉದ್ದೇಶ. ಇಲ್ಲಿ ಅಣುವೆಂದರೆ ವೈಶೇಷಿಕರ ಅಣುವಲ್ಲ; ಪರಮಾಣುಗಳು ಹಲವು ಕೂಡಿ ಆದ ದ್ರವ್ಯಕಣವೆಂದು ಗ್ರಹಿಸಬೇಕು.

ವ್ಯಾಕರಣವನ್ನು ಓದಿ ಬೆಳೆದ ನನ್ನಂಥವನು ಈ ವಿಷಯಕ್ಕೆ ಕೈಹಾಕಿದ್ದಕ್ಕೆ ಕಾರಣವನ್ನು ಹೇಳಬೇಕಾಗಿದೆ. ನಮ್ಮ ಬಂಧುವರ್ಗದ ಒಂದು ಮನೆಯಲ್ಲಿ ಹುಟ್ಟಿದ ಕೂಸಿಗೆ ಹುಟ್ಟಿನಿಂದಲೇ ಕಿವಿ ಕೇಳದು. ಬೇರೊಂದು ಊರಿನಲ್ಲಿ ರಕ್ತವನ್ನು ಪರೀಕ್ಷಿಸಿದವರು, ಕೂಸಿನ ಕಿವಿಯ ಕೋಶಗಳಲ್ಲಿ 'ಬಿರುಕುಸಂಧಿಯ ದೋಷ'ವಿದೆಯೆಂದು ಕನ್ನಡದಲ್ಲಿ ಬರೆದುಕೊಟ್ಟರು. ತಾಯಿಯು ಅದನ್ನು ಓದಿಕೊಂಡು, ಮಗುವಿನ ಕಿವಿಯೊಳಗೆ ಏನೋ ಬಿರುಕು ಬಿಟ್ಟಿದೆಯೆಂದು ತಿಳಿದಳು. ಗರ್ಭಿಣಿಯಾಗಿದ್ದಾಗ ತಾನು ಮೆಟ್ಟಿಲ ಮೇಲೆ ಜಾರಿ ಬಿದ್ದುದರ ಫಲವೇ ಇದೆಂದು ಒಂದು ವರ್ಷಕಾಲ ಒಳಗೊಳಗೇ ಕೊರಗಿದಳು. ಅದಾದ ಕೆಲವು ಕಾಲದ ಮೇಲೆ ಜೀವಶಾಸ್ತ್ರದ ಅಧ್ಯಾಪಕರೊಬ್ಬರು ತಾವು ಕನ್ನಡಿಸುತ್ತಿದ್ದ ಪುಸ್ತಕದ ಹಸ್ತಪ್ರತಿಯನ್ನು ಹಿಡಿದುಕೊಂಡು ಮಂಡಕಳ್ಳಿಯ ನನ್ನ ಮನೆಗೆ ಬಂದರು. ಅದರಲ್ಲಿಯೂ ಅದೇ ಬಿರುಕುಸಂಧಿ! ಬಿರುಕು ದೇಶ್ಯ, ಸಂಧಿ ಸಂಸ್ಕೃತ. ಆದುದರಿಂದ ಇದು ಅರಿಸಮಾಸವೆಂದಷ್ಟೇ ಮೊದಲು ನನಗೆ ತೋರಿದ್ದಿತು. ಅಧ್ಯಾಪಕರು ತಂದ ಗ್ರಂಥಗಳನ್ನು ಅವರ ನೆರವಿನಿಂದ ಓದುತ್ತ ಹೋದ ಹಾಗೆಲ್ಲ, ದೋಷವು ಸಮಾಸದಲ್ಲಿರುವುದಕ್ಕಿಂತ ಅರ್ಥದಲ್ಲಿಯೇ ಹೆಚ್ಚಾಗಿದೆಯೆಂದು ಮನಗಂಡೆನು.

ಮೊದಲು ಕೋಶವೆಂಬ ಮಾತನ್ನೇ ನೋಡೋಣ. ೧೬೬೫ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಎಂಬಾತನು ಬಿರಡೆಮರದ ತೆಳುವಾದ ಸೀಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿ, ಅಲ್ಲಿ ಕಂಡ ಬರಿದಾದ ಗೂಡುಗಳಿಗೆ ಸಣ್ಣ ಕೊಠಡಿಯೆಂಬ ಅರ್ಥದ ಸೆಲ್ ಎಂಬ ಹೆಸರನ್ನು ಕೊಟ್ಟನು. ಆತನು ಕಂಡದ್ದು ಜೀವವಿಲ್ಲದ ಗೋಡೆಗಳನ್ನು ಮಾತ್ರ. ನಾವು ಅದಕ್ಕೆ ಕೋಶವೆಂದೆವು. ಕೋಶವೆಂದರೆ ಭಂಡಾರ, ಒರೆ, ರೇಷ್ಮೆಹುಳುವಿನ ಗೂಡು, ಪದಸಂಗ್ರಹ. ಎಲ್ಲವೂ ಮುಚ್ಚಿರತಕ್ಕವು, ತಮ್ಮೊಳಗೆ ತಾವು ಪೂರ್ಣವಾದುವು. ಹೀಗೆ ಆ ಭಾಷೆಯಲ್ಲಿಯೂ ಈ ಭಾಷೆಯಲ್ಲಿಯೂ ಹೆಸರಿನೊಡನೆಯೇ ಒಂದು ಪೂರ್ವಗ್ರಹವು ಬಂದು ಸೇರಿತು. ೧೮೩೮ ಮತ್ತು ೧೮೩೯ರಲ್ಲಿ ಶ್ಲೈಡನ್ ಮತ್ತು ಶ್ವಾನ್ ಎಂಬ ಜರ್ಮನ್ ವಿದ್ವಾಂಸರು ಗಿಡಗಳೂ ಪ್ರಾಣಿಗಳೂ ಕೋಶಗಳಿಂದಾದುವೆಂದು ಸ್ಥಾಪಿಸಿದ ಮೇಲೆ, ಪ್ರತಿಯೊಂದು ಕೋಶವೂ ತನ್ನ ಗೋಡೆಯೊಳಗೆ ಸ್ವತಂತ್ರವಾಗಿ ಬಾಳುವ ಒಂದು ವ್ಯಕ್ತಿಯೆಂಬ ಭಾವನೆಯು ಬಲವಾಗಿ ಬೇರೂರಿತು.

ಈ ಭಾವನೆಗೆ ಮೊದಲ ಪೆಟ್ಟು ಬಿದ್ದುದು ಒಂದು ವಿಷದ ಬೀಜದಿಂದ. ಕಾಸರಕವೆಂದೂ ಸಂಸ್ಕೃತದಲ್ಲಿ ವಿಷಮುಷ್ಟಿಯೆಂದೂ ಕರೆಯುವ ಮರವು ನಮ್ಮ ಕಾಡುಗಳಲ್ಲಿ ಬೆಳೆಯತಕ್ಕದ್ದು. ಕಾಸರಗೋಡಿನ ಹೆಸರು ಇದರಿಂದ ಬಂದಿತೆಂದು ಕೆಲವರ ಮತ. ಇದರ ಬೀಜದ ಒಳತಿರುಳನ್ನು ೧೮೭೯ರಲ್ಲಿ ಎಡ್ವರ್ಡ್ ಟಾಂಗ್ಲ್ ಎಂಬಾತನು ಸೀಳಿ ನೋಡಿದಾಗ, ದಪ್ಪನಾದ ಕೋಶಭಿತ್ತಿಗಳನ್ನು ತೂರಿಕೊಂಡು ಒಂದು ಕೋಶದ ಜೀವರಸದಿಂದ ಮತ್ತೊಂದರ ಜೀವರಸಕ್ಕೆ ಹಾಯ್ದ ಬಲು ನವುರಾದ ಎಳೆಗಳು ಕಂಡುಬಂದುವು. ೧೯೦೧ರಲ್ಲಿ ಸ್ಟ್ರಾಸ್‌ಬರ್ಗರನು ಇವಕ್ಕೆ ಪ್ಲಾಸ್ಮೊಡೆಸ್ಮವೆಂದು ಹೆಸರಿಟ್ಟನು. ಜೀವರಸದ ಕಟ್ಟು ಎಂದು ಅದರ ಅರ್ಥ. ಗಿಡಗಳ ಮಟ್ಟಿಗೆ ಕೋಶಗಳು ಒಂಟಿಯಲ್ಲವೆಂಬುದು ಹೀಗೆ ಬೇಗನೆ ಸಿದ್ಧವಾಯಿತು. ಪ್ರಾಣಿಗಳ ವಿಷಯದಲ್ಲಿ ಇದೇ ಮಾತನ್ನು ಹೇಳಬೇಕಾದರೆ ಇನ್ನೂ ಅರುವತ್ತಕ್ಕೆ ಮೇಲ್ಪಟ್ಟು ವರ್ಷಗಳು ಕಳೆಯಬೇಕಾದುವು.

ಪ್ರಾಣಿಶರೀರದಲ್ಲಿ ಈ ಪ್ರಶ್ನೆಯು ತೀಕ್ಷ್ಣವಾಗಿ ಎದ್ದುದು ಮೇಲ್ಪೊರೆಗಳ ಸಂಬಂಧದಿಂದ. ಚರ್ಮದ ಹೊರಮೈ, ಕರುಳಿನ ಒಳಮೈ, ಮೂತ್ರಪಿಂಡದ ಸೂಕ್ಷ್ಮನಾಳಗಳು, ಶ್ವಾಸಮಾರ್ಗ, ಲಾಲಾಗ್ರಂಥಿ, ಕಿವಿಯ ಒಳಸುರುಳಿ ಇವೆಲ್ಲವುಗಳಲ್ಲಿಯೂ ಕೋಶಗಳು ನೆಲಕ್ಕೆ ಹಾಸಿದ ಕಲ್ಲುಚಪ್ಪಡಿಗಳಂತೆ ಒಂದಕ್ಕೊಂದು ಒತ್ತಿಕೊಂಡು ಹಾಳೆಯಾಗಿ ನಿಂತಿರುತ್ತವೆ. ಈ ಹಾಳೆಯನ್ನು ಪಾಶ್ಚಾತ್ಯರು ಎಪಿತೀಲಿಯಂ ಎಂದೂ ನಮ್ಮ ಪಠ್ಯಪುಸ್ತಕಗಳು ಅನುಲೇಪಕ ಅಂಗಾಂಶವೆಂದೂ ಕರೆಯುತ್ತವೆ. ಅನುಲೇಪವೆಂದರೆ ಮೈಗೆ ಪೂಸುವ ಗಂಧ. ಈ ಪೊರೆಯು ಪೂಸಿದ ಲೇಪವಲ್ಲ, ಜೋಡಿಸಿದ ಕಟ್ಟಡ. ಆದಕಾರಣ ನಾನು ಮೇಲ್ಪೊರೆಯೆಂದೇ ಬರೆಯುತ್ತೇನೆ. ಹತ್ತೊಂಬತ್ತನೆಯ ಶತಮಾನದ ಜರ್ಮನ್ ಅಂಗವ್ಯವಚ್ಛೇದಕರು ಇಂಥ ಪೊರೆಗೆ ಬೆಳ್ಳಿಯ ಲವಣವನ್ನು ಹಾಯಿಸಿದಾಗ, ಕೋಶಕೋಶಗಳ ನಡುವೆ ಕಪ್ಪುಗೆರೆಗಳು ಬಲೆಯಂತೆ ಮೂಡಿದುವು. ಇಟ್ಟಿಗೆಗಳ ನಡುವಣ ಗಾರೆಯಂತೆ ಇದು ಅಂಟುದ್ರವ್ಯವೆಂದು ಅವರು ಊಹಿಸಿ, ಅಂಟಿನ ಪಟ್ಟಿಯೆಂಬ ಅರ್ಥದ ಹೆಸರನ್ನು ಕೊಟ್ಟರು. ಗಾರೆಯ ಕಲ್ಪನೆಯು ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಬರುವವರೆಗೂ ನಡೆಯಿತು. ೧೯೬೩ರಲ್ಲಿ ಮೆರಿಲಿನ್ ಫಾರ್ಕರ್ ಮತ್ತು ಜಾರ್ಜ್ ಪಲಾಡೆ ಎಂಬುವರು ಇಲಿ ಮತ್ತು ಗಿನಿಹಂದಿಗಳ ಮೇಲ್ಪೊರೆಗಳನ್ನು ಆ ಯಂತ್ರದಲ್ಲಿ ಪರೀಕ್ಷಿಸಿ, ಗಾರೆಯೆಂಬುದೇ ಅಲ್ಲಿಲ್ಲ, ಎರಡು ಕೋಶಗಳ ಪೊರೆಗಳೇ ಬೇರೆ ಬೇರೆ ರೀತಿಯಲ್ಲಿ ಹತ್ತಿರ ಬಂದು ಕೂಡಿವೆ ಎಂಬುದನ್ನು ತೋರಿಸಿದರು. ತುದಿಗೆ ಸಮೀಪದಲ್ಲಿ ಎರಡು ಪೊರೆಗಳೂ ಒಂದೇ ಆದಂತೆ ಬೆಸೆದ ಮುಚ್ಚುವಲಯ. ಅದರ ಕೆಳಗೆ ಅಂಟುವಲಯ. ಇನ್ನೂ ಕೆಳಗೆ ಗುಂಡಿಯಂತಿರುವ ಅಂಟುಚುಕ್ಕೆ. ಲ್ಯಾಟಿನ್ ಭಾಷೆಯಲ್ಲಿ ಅವರು ಕೊಟ್ಟ ಹೆಸರುಗಳ ಅರ್ಥವಿದು. ಆದರೆ ನಮ್ಮ ಕಥಾನಾಯಕನಾದ ಸಂಧಿಯು ಈ ಪಟ್ಟಿಯಲ್ಲಿ ಸೇರಲಿಲ್ಲ. ಅದು ಮುಚ್ಚುವಲಯದ ಮರೆಯಲ್ಲಿ ಅಡಗಿಹೋಗಿತ್ತು.

ಇಲ್ಲಿ ಎರಡು ಬೇರೆ ಪ್ರಶ್ನೆಗಳಿರುವುದನ್ನು ವಾಚಕರು ಗಮನಿಸಬೇಕು. ಇವನ್ನು ಬೆರೆಸಿದುದರಿಂದಲೇ ಬಹಳ ಗೊಂದಲವಾಗಿದೆ. ಮೈಸೂರಿನಿಂದ ನಂಜನಗೂಡಿಗೆ ಹೋಗುವ ದಾರಿಯಲ್ಲಿ ನಮ್ಮ ಊರಿದೆ. ಈಗ ವಿಮಾನನಿಲ್ದಾಣದಿಂದ ಅದಕ್ಕೆ ಹೆಸರು. ಅಲ್ಲಿಂದ ಮುಂದಕ್ಕೆ ನಂಜನಗೂಡಿನ ಗದ್ದೆಬಯಲನ್ನು ನೋಡಿದರೆ ಈ ಭೇದವು ಸುಲಭವಾಗಿ ತಿಳಿಯುವುದು. ಗದ್ದೆಗಳ ಸಾಲಿನ ಒಂದು ಪಕ್ಕದಲ್ಲಿ ಕಾಲುವೆ, ಇನ್ನೊಂದು ಪಕ್ಕದಲ್ಲಿ ಹಳ್ಳವಿದೆಯೆಂದಿಟ್ಟುಕೊಳ್ಳಿರಿ. ಕಾಲುವೆಯ ನೀರು ಯಾವ ಗದ್ದೆಯನ್ನೂ ಹೊಗದೆ, ಎರಡು ಗದ್ದೆಗಳ ಸಂದಿನಲ್ಲಿ ಜಿನುಗಿಕೊಂಡು ಹಳ್ಳವನ್ನು ಸೇರಬಹುದೇ ಎಂಬುದು ಒಂದು ಪ್ರಶ್ನೆ. ಒಂದು ಗದ್ದೆಯ ನೀರು ಬದುವಿನಲ್ಲಿರುವ ತೂಬಿನ ಮೂಲಕ ಪಕ್ಕದ ಗದ್ದೆಗೆ ಹಾಯುವುದೇ ಎಂಬುದು ಎರಡನೆಯ ಪ್ರಶ್ನೆ. ಮೊದಲನೆಯದು ಮುಚ್ಚುವಲಯದ ಅಧೀನ; ಎರಡನೆಯದು ಪ್ರಕೃತ ಸಂಧಿಯ ಅಧೀನ. ಒಂದು ತಡೆಯುವುದಕ್ಕಾಗಿ ಇದೆ, ಇನ್ನೊಂದು ಕೊಡುವುದಕ್ಕಾಗಿ.

ಎರಡನೆಯ ಪ್ರಶ್ನೆಗೆ ಉತ್ತರ ದೊರೆತುದು ೧೯೬೪ರಲ್ಲಿ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ವರ್ನರ್ ಲೋವೆನ್‌ಸ್ಟೈನ್ ಮತ್ತು ಯೋಶಿನೊಬು ಕಾನ್ನೊ ಎಂಬುವರು ಹಣ್ಣಿನ ನೊಣದ ಮರಿಹುಳುವಿನ ಲಾಲಾಗ್ರಂಥಿಯನ್ನು ತೆಗೆದುಕೊಂಡರು. ಇದರ ಮೇಲ್ಪೊರೆಯ ಕೋಶಗಳು ಬಹು ದೊಡ್ಡವು. ಒಂದು ಕೋಶದೊಳಕ್ಕೆ ಕೂದಲಿಗಿಂತ ತೆಳ್ಳನೆಯ ಗಾಜಿನ ಸೂಜಿಯಿಂದ ವಿದ್ಯುತ್ತನ್ನು ಹಾಯಿಸಿ, ಪಕ್ಕದ ಕೋಶದಲ್ಲಿ ಎಷ್ಟು ಸೇರುವುದೆಂದು ಅಳೆದರು. ನಡುವೆ ಎರಡು ಪೊರೆಗಳಿರುವುದರಿಂದ ಹೆಚ್ಚೇನೂ ಸೇರಲಾರದೆಂಬುದು ಆ ಕಾಲದ ಸಿದ್ಧಾಂತ. ಆದರೆ ನಡುವೆ ಗೋಡೆಯೇ ಇಲ್ಲವೋ ಎಂಬಂತೆ ಪ್ರವಾಹವು ಕೋಶದಿಂದ ಕೋಶಕ್ಕೆ ಹರಿಯಿತು. ಫ್ಲೂರೆಸೀನ್ ಎಂಬ ಹೊಳೆಯುವ ಬಣ್ಣವನ್ನು ಒಂದು ಕೋಶಕ್ಕೆ ತುಂಬಿದಾಗ ಅದೂ ನೆರೆಕೋಶಗಳಿಗೆ ಹಬ್ಬಿತು, ಹೊರಗಣ ದ್ರವಕ್ಕೆ ಮಾತ್ರ ಸೋರಲಿಲ್ಲ. ಸೀಗಡಿಜಾತಿಯ ಒಂದು ಪ್ರಾಣಿಯ ನರಗಳಲ್ಲಿ ವಿದ್ಯುತ್ತು ಹೀಗೆ ನೇರವಾಗಿ ದಾಟುವುದನ್ನು ಫರ್ಷ್‌ಪಾನ್ ಮತ್ತು ಪಾಟರ್ ಎಂಬುವರು ೧೯೫೯ರಲ್ಲಿಯೇ ವಿವರಿಸಿದ್ದರು. ಆದರೆ ನರಗಳ ಕೆಲಸವೇ ಸುದ್ದಿ ಮುಟ್ಟಿಸುವುದು. ಜೊಲ್ಲನ್ನು ಸುರಿಸುವ ಸಾಮಾನ್ಯ ಕೋಶಗಳಿಗೂ ಇಂಥ ಒಡನಾಟವಿದೆಯೆಂಬುದೇ ಹೊಸ ಸಂಗತಿ.

ಇನ್ನು ಹೆಸರಿನ ಕಥೆ. ದ್ರವ್ಯವು ದಾಟುವುದು ತಿಳಿಯಿತು, ದಾಟುವ ಸ್ಥಾನವಾವುದು? ೧೯೬೨ರಲ್ಲಿ ಡ್ಯೂಯಿ ಮತ್ತು ಬಾರ್ ಎಂಬ ಇಬ್ಬರು ಸ್ನಾಯುಕೋಶಗಳಲ್ಲಿ ಪೊರೆಗಳು ಕೂಡಿದ ಎಡೆಯನ್ನು ನೆಕ್ಸಸ್, ಎಂದರೆ ಬಂಧ ಎಂದು ಕರೆದಿದ್ದರು. ಒಳ್ಳೆಯ ಹೆಸರು, ಆದರೆ ಉಳಿಯಲಿಲ್ಲ. ೧೯೬೭ರಲ್ಲಿ ರೆವೆಲ್ ಮತ್ತು ಕಾರ್ನೋವ್‌ಸ್ಕಿ ಎಂಬುವರು ಇಲಿಮರಿಯ ಹೃದಯ ಮತ್ತು ಪಿತ್ತಕೋಶದ ಮೇಲಣ ಯಕೃತ್ತು ಇವುಗಳ ಸೀಳಿಗೆ ಲ್ಯಾಂಥನಂ ಎಂಬ ಲೋಹದ ಲವಣವನ್ನು ಇಂಗಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಬೆಸೆದಿವೆಯೆಂದು ತಿಳಿದಿದ್ದ ಎರಡು ಪೊರೆಗಳ ನಡುವೆ ಆ ಲವಣವು ನುಸುಳಿ, ಮಿಲಿಮೀಟರಿನ ಹತ್ತು ಲಕ್ಷ ಪಾಲಿನಲ್ಲಿ ಎರಡು ಪಾಲಿನಷ್ಟು ಸಣ್ಣ ಬಿರುಕೊಂದು ಅಲ್ಲಿ ಉಳಿದಿದೆಯೆಂದು ತೋರಿಸಿತು. ಪೊರೆಯನ್ನು ಎದುರಿನಿಂದ ನೋಡಿದಲ್ಲಿ ಜೇನುಹುಟ್ಟಿಯ ಕಣ್ಣುಗಳಂತೆ ಷಟ್ಕೋಣಕ್ರಮದಲ್ಲಿ ಕೂಡಿದ ಗುಬ್ಬಿಗಳು ಕಂಡುವು. ಮುಚ್ಚುವಲಯದಲ್ಲಿ ಬಿರುಕಿಲ್ಲ, ಇಲ್ಲಿ ಬಿರುಕಿದೆ. ಎರಡನ್ನೂ ಬೇರ್ಪಡಿಸಲು ಈ ಗುರುತೇ ಒದಗಿದ್ದರಿಂದ, ಈ ಸಂಧಿಗೆ ಇಂಗ್ಲಿಷಿನಲ್ಲಿ ಗ್ಯಾಪ್ ಜಂಕ್ಷನ್ ಎಂಬ ಹೆಸರು ನಿಂತಿತು.

ಇದರ ವಿಪರೀತವನ್ನು ನೋಡಿರಿ. ಆ ಬಿರುಕಿಗೂ ಸಂಧಿಯ ಕೆಲಸಕ್ಕೂ ಸಂಬಂಧವಿಲ್ಲ. ಅಣುಗಳು ಬಿರುಕಿನಲ್ಲಿ ಹರಿಯುವುದಿಲ್ಲ. ಬಿರುಕನ್ನು ಅಡ್ಡಹಾಯ್ದು ಕೋಶದಿಂದ ಕೋಶಕ್ಕೆ ನಿಂತಿರುವ ಕೊಳವಿಗಳಲ್ಲಿ ಹರಿಯುತ್ತವೆ. ಸಾಧಾರಣ ಸ್ಥಳಗಳಲ್ಲಿ ಕೋಶಕೋಶಗಳ ನಡುವಣ ಅಂತರವು ಇದರ ಹತ್ತುಪಾಲಿನಷ್ಟಿರುವುದುಂಟು. ಕೋಶಗಳು ವಿಶೇಷವಾಗಿ ಹತ್ತಿರ ಬಂದ ಎಡೆಗೇ ಅಂತರವೆಂಬ ಹೆಸರು ಬಿದ್ದುದು ವಿಚಿತ್ರವೇ ಸರಿ. ಸತ್ತ ಸೀಳಿನಲ್ಲಿ ಕಣ್ಣಿಗೆ ಕಂಡ ಲಕ್ಷಣದಿಂದ ಹೆಸರು ಹುಟ್ಟಿತೇ ಹೊರತು, ಜೀವಂತ ಕೋಶದಲ್ಲಿ ಅದು ಮಾಡುವ ಕಾರ್ಯದಿಂದ ಹುಟ್ಟಲಿಲ್ಲ. ಆಂಗ್ಲರಿಗೆ ಇದು ರೂಢಿಯಾಗಿ ಹೋಯಿತು, ರೂಢಿಯು ಯೋಗಾರ್ಥವನ್ನು ನುಂಗಿತು. ಈಗ ತಾನೇ ಹೆಸರಿಡುತ್ತಿರುವ ನಮಗೆ ಆ ಸಮಾಧಾನವಿಲ್ಲ. ಕನ್ನಡದಲ್ಲಿ ಬಿರುಕೆಂದರೆ ಒಡೆದದ್ದು, ಕೆಟ್ಟದ್ದು. ಬಂಧುಗಳ ಮನೆಯ ಆ ತಾಯಿ ತಿಳಿದುಕೊಂಡುದರಲ್ಲಿ ಅವಳ ತಪ್ಪೇನಿದೆ?

ಕಾರ್ಯವನ್ನು ಕಣ್ಣಾರೆ ಕಂಡುದು ಕೃಷಿಕೋಶಗಳಲ್ಲಿ. ಶರೀರದಿಂದ ಬೇರ್ಪಡಿಸಿದ ಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಪೋಷಕರಸದಲ್ಲಿಟ್ಟು ಬೆಳೆಸುವ ವಿದ್ಯೆಯನ್ನು ೧೯೦೭ರಲ್ಲಿ ರಾಸ್ ಹ್ಯಾರಿಸನ್ ಎಂಬಾತನು ಕಪ್ಪೆಯ ನರತಂತುವಿನಿಂದ ಮೊದಲುಮಾಡಿದನು. ಬಿತ್ತಿದ ಕೋಶಗಳು ಪಾತ್ರೆಯ ತಳದಲ್ಲಿ ಹೆಚ್ಚುತ್ತ ಒಂದನ್ನೊಂದು ಮುಟ್ಟಿ, ಒಂದೇ ಪದರದ ಹಾಳೆಯಾಗುತ್ತವೆ. ಗ್ಲಾಸ್ಗೋ ನಗರದ ಸುಬಾಕ್-ಷಾರ್ಪ್, ಬ್ಯುರ್ಕ್ ಮತ್ತು ಪಿಟ್ಸ್ ಎಂಬ ಮೂವರು ೧೯೬೯ರಲ್ಲಿ ಪ್ರಕಟಿಸಿದ ಪ್ರಯೋಗವು ಬಹು ಸೊಗಸಾದದ್ದು. ಹೈಪೋಕ್ಸಾಂಥೀನ್ ಎಂಬ ದ್ರವ್ಯವನ್ನು ಉಪಯೋಗಿಸಿಕೊಳ್ಳುವ ಶಕ್ತಿಯಿಲ್ಲದ ಕೋಶಗಳನ್ನು, ಶಕ್ತಿಯುಳ್ಳ ಕೋಶಗಳ ಜೊತೆಗೆ ಒಂದೇ ಪಾತ್ರೆಯಲ್ಲಿ ಅವರು ಬೆಳೆಸಿದರು. ವಿಕಿರಣದ ಗುರುತುಳ್ಳ ಆ ದ್ರವ್ಯವನ್ನು ಉಣಿಸಿದಾಗ, ಒಂಟಿಯಾಗಿ ದೂರವಿದ್ದ ಅಶಕ್ತ ಕೋಶಗಳಲ್ಲಿ ಗುರುತು ಮೂಡಲಿಲ್ಲ. ಶಕ್ತಕೋಶವನ್ನು ಮುಟ್ಟಿಕೊಂಡಿದ್ದ ಅಶಕ್ತ ಕೋಶಗಳಲ್ಲಿ ಮೂಡಿತು! ರಸವೊಂದೇ, ಪಾತ್ರೆಯೊಂದೇ, ಭೇದವಿದ್ದುದು ಸ್ಪರ್ಶದಲ್ಲಿ. ಉಳ್ಳವನು ಇಲ್ಲದವನಿಗೆ ಬೇಯಿಸಿದ ಅನ್ನವನ್ನೇ ಕೊಟ್ಟನಲ್ಲದೆ ಒಲೆಯನ್ನು ಕೊಡಲಿಲ್ಲವೆಂಬುದು, ಎಂದರೆ ದಾಟಿದ್ದು ಸಣ್ಣ ಅಣುವೇ ಹೊರತು ಅದನ್ನು ಮಾಡುವ ದೊಡ್ಡ ಕಿಣ್ವವಲ್ಲವೆಂಬುದು, ಮುಂದಿನ ಪ್ರಯೋಗಗಳಿಂದ ಸ್ಪಷ್ಟವಾಯಿತು. ಆ ಕೋಶಗಳು ಮೇಲ್ಪೊರೆಯ ಜಾತಿಯವಲ್ಲ, ಒಳಗಟ್ಟಿನ ತಂತುಜನಕಗಳು; ಆದರೂ ನ್ಯಾಯವು ಮೇಲ್ಪೊರೆಗೂ ಸಲ್ಲುವುದೆಂದು ಬಳಿಕ ಕಂಡುಬಂದಿತು.

೧೯೭೮ರಲ್ಲಿ ವಾಲ್ಟರ್ ಸ್ಟೂವರ್ಟ್ ಎಂಬಾತನು ಲೂಸಿಫರ್ ಯೆಲ್ಲೋ ಎಂಬ ಬಣ್ಣವನ್ನು ಸಿದ್ಧಗೊಳಿಸಿದನು. ಲೂಸಿಫರ್ ಎಂದರೆ ಬೆಳಕನ್ನು ತರುವವನು, ನಮ್ಮ ಪ್ರಭಾಕರನ ಅರ್ಥವೇ. ಇದು ಕೋಶದ ಹೊರಪೊರೆಯನ್ನು ತಾನಾಗಿ ದಾಟಲಾರದು. ಒಳಗೆ ಹೊಕ್ಕರೆ ಪಕ್ಕದ ಕೋಶಕ್ಕೆ ಸಂಧಿಯ ಮೂಲಕವಲ್ಲದೆ ಹೋಗಲಾರದು. ಇದನ್ನು ಉಪಯೋಗಿಸಿಕೊಂಡು ೧೯೮೭ರಲ್ಲಿ ಎಲ್-ಫೂಲಿ, ಟ್ರಾಸ್ಕೊ ಮತ್ತು ಚಾಂಗ್ ಎಂಬ ವಿದ್ವಾಂಸರು ತೋರಿಸಿಕೊಟ್ಟ ಕ್ರಮವು ಎಷ್ಟು ಸರಳವೆಂದರೆ, ಒಮ್ಮೆ ಕೇಳಿದವರು ಮರೆಯಲಾರರು. ಪಾತ್ರೆಯ ತಳದಲ್ಲಿ ಬೆಳೆದ ಹಾಳೆಯ ಮೇಲೆ ಬಣ್ಣದ ನೀರನ್ನು ಹೊಯ್ದು, ಅಲಗಿನಿಂದ ಒಂದು ಗೀರನ್ನು ಎಳೆಯುವುದು. ಗೀರಿನಂಚಿನ ಕೋಶಗಳು ಗಾಯಗೊಂಡು ಬಣ್ಣವನ್ನು ಒಳಕ್ಕೆ ಕುಡಿಯುತ್ತವೆ. ಕೆಲವು ನಿಮಿಷಗಳ ಮೇಲೆ ಹೊರಗಣ ಬಣ್ಣವನ್ನು ತೊಳೆದು, ತಕ್ಕ ಬೆಳಕಿನಲ್ಲಿ ನೋಡಿದರೆ, ಗಾಯವೇ ಇಲ್ಲದ ಎರಡನೆಯ ಸಾಲು, ಮೂರನೆಯ ಸಾಲು, ಹೀಗೆ ಒಳಗೊಳಗೆ ಹಳದಿಯ ಹೊಳಪು ಕ್ರಮವಾಗಿ ಮಂಕಾಗುತ್ತ ಹಬ್ಬಿರುತ್ತದೆ. ಅದೇ ನೀರಿನಲ್ಲಿ ಡೆಕ್ಸ್‌ಟ್ರಾನ್ ಎಂಬ ಭಾರಿಯಾದ ಅಣುವಿಗೆ ಕೆಂಪು ಬಣ್ಣವನ್ನು ಕಟ್ಟಿ ಬೆರೆಸಿದ್ದರೆ, ಕೆಂಪು ಗಾಯಗೊಂಡ ಸಾಲಿನಲ್ಲಿಯೇ ನಿಂತುಬಿಡುತ್ತದೆ. ಹಳದಿಯು ದಾಟಿತು, ಕೆಂಪು ದಾಟಲಿಲ್ಲ. ತೂಬಿನ ಅಗಲ ಇಷ್ಟೆಂದು ಪಾತ್ರೆಯೇ ಹೇಳಿತು.

ಆ ಅಗಲವನ್ನು ಹಲವರು ಅಳೆದಿದ್ದಾರೆ. ಸ್ತನ್ಯಪ್ರಾಣಿಗಳಲ್ಲಿ, ಜಲಜನಕದ ಪರಮಾಣುವಿನ ಸುಮಾರು ಸಾವಿರ ಪಾಲಿನಷ್ಟು ತೂಕದವರೆಗಿನ ಅಣುಗಳು ದಾಟಬಲ್ಲವು. ಕೀಟಗಳಲ್ಲಿ ದಾರಿಯು ಇನ್ನೂ ಸ್ವಲ್ಪ ಅಗಲ. ಲೂಸಿಫರ್ ಯೆಲ್ಲೋವಿನ ತೂಕ ೪೫೭, ಮೇಲೆ ಹೇಳಿದ ಡೆಕ್ಸ್‌ಟ್ರಾನಿನದು ೧೦,೦೦೦. ಲವಣದ ಕಣಗಳು, ಸಕ್ಕರೆ, ಅಮೈನೊ ಆಮ್ಲಗಳು, ಕೋಶದೊಳಗೆ ಆಜ್ಞಾವಾಹಕಗಳಾದ ಸಣ್ಣ ಅಣುಗಳು ಹೋಗಬಹುದು, ಪ್ರೋಟೀನುಗಳು ಹೋಗಲಾರವು. ಒಕ್ಕಲುಗಳು ಪರಸ್ಪರ ಉಪ್ಪು ಬೆಲ್ಲಗಳನ್ನು ಕೊಟ್ಟುಕೊಳ್ಳುವರು, ಮನೆಯ ಪತ್ರಗಳನ್ನು ಕೊಡರು. ಆಜ್ಞಾವಾಹಕಗಳ ಸಂಚಾರಕ್ಕೆ ಮೊಲದ ಶ್ವಾಸನಾಳದ ಮೇಲ್ಪೊರೆಯನ್ನು ಪಾತ್ರೆಯಲ್ಲಿ ಬೆಳೆಸಿ ಸ್ಯಾಂಡರ್‌ಸನ್ ಮತ್ತು ಸಂಗಡಿಗರು ೧೯೯೦ರಲ್ಲಿ ಒದಗಿಸಿದ ನಿದರ್ಶನವುಂಟು: ಒಂದೇ ಕೋಶವನ್ನು ಗಾಜಿನ ಮೊನೆಯಿಂದ ಮೆಲ್ಲಗೆ ತ��ಕಿದರೆ, ಅದರಲ್ಲಿ ಸುಣ್ಣದ ಅಂಶವು ಏರಿ, ಆ ಏರಿಕೆಯು ಕೊಳದಲ್ಲಿ ಕಲ್ಲೆಸೆದಾಗಿನ ಅಲೆಯಂತೆ ಸುತ್ತಣ ಕೋಶಗಳಿಗೆ ಹರಡುತ್ತದೆ. ಈ ಅಲೆಯು ಸಂಧಿಯ ಒಳದಾರಿಯಿಂದಲೇ ಹೋಗುವುದೋ, ಕೋಶವು ಹೊರಕ್ಕೆ ಸುರಿದ ಬೇರೊಂದು ದ್ರವ್ಯವು ನೆರೆಯವರನ್ನು ಎಚ್ಚರಿಸುವುದೋ ಎಂಬ ವಿಷಯದಲ್ಲಿ ವಾದಗಳು ನಡೆದು, ಅಂಗಭೇದದಿಂದ ಎರಡೂ ಉಂಟೆಂಬ ನಿಲುವಿಗೆ ಬಂದಿವೆ.

ತೂಬೆಂದ ಮೇಲೆ ಮುಚ್ಚುವ ಉಪಾಯವೂ ಇರಬೇಕಷ್ಟೆ. ಕೋಶದಲ್ಲಿ ಸುಣ್ಣದ ಅಂಶವು ಬಹಳ ಹೆಚ್ಚಿದರೆ ಈ ಕೊಳವಿಗಳು ಮುಚ್ಚಿಕೊಳ್ಳುವುವೆಂದು ಲೋವೆನ್‌ಸ್ಟೈನನೂ ಬಿರ್ಗಿಟ್ ರೋಸ್ ಎಂಬಾಕೆಯೂ ೧೯೭೦ರ ದಶಕದಲ್ಲಿ ತೋರಿಸಿದರು. ಹುಳಿಯು ಏರಿದರೂ ಹಾಗೆಯೇ. ಒಂದು ಕೋಶವು ಒಡೆದು ಸತ್ತರೆ ಹೊರಗಿನ ಸುಣ್ಣವು ಅದರೊಳಕ್ಕೆ ನುಗ್ಗುವುದು. ನೆರೆಯವು ಕೂಡಲೇ ತೂಬನ್ನು ಮುಚ್ಚಿ ತಮ್ಮನ್ನು ಉಳಿಸಿಕೊಳ್ಳುವುವು. ಮುಚ್ಚುವುದಕ್ಕೆ ನಮ್ಮ ವೈದ್ಯರು ಬಲ್ಲ ದ್ರವ್ಯವೊಂದೂ ಇದೆ. ವಿರೇಚನಕ್ಕಾಗಿ ಕೊಡುವ ಜಾಪಾಳದ ಎಣ್ಣೆಯಿಂದ ತೆಗೆದ ಫಾರ್ಬಾಲ್ ಜಾತಿಯ ಒಂದು ದ್ರವ್ಯವು ಕೃಷಿಕೋಶಗಳ ಈ ಕೊಡುಕೊಳ್ಳುವಿಕೆಯನ್ನು ನಿಲ್ಲಿಸುವುದೆಂದು ೧೯೭೯ರಲ್ಲಿ ಎರಡು ಕಡೆಗಳಲ್ಲಿ ಸ್ವತಂತ್ರವಾಗಿ ಗೊತ್ತಾಯಿತು. ಆ ದ್ರವ್ಯವೇ ಇಲಿಗಳ ಚರ್ಮದಲ್ಲಿ ಗಂತಿಗಳನ್ನು ಬೆಳೆಯಿಸುವುದೆಂದು ಮೊದಲೇ ತಿಳಿದಿದ್ದುದರಿಂದ, ನೆರೆಹೊರೆಯ ಮಾತು ಕೇಳದ ಕೋಶವೇ ಅರ್ಬುದವಾಗುವುದೋ ಎಂಬ ವಿಚಾರವು ಹುಟ್ಟಿತು. ಲೋವೆನ್‌ಸ್ಟೈನನಿಗೆ ಈ ಪಕ್ಷದಲ್ಲಿ ಬಹಳ ಒಲವು. ಆದರೆ ಕೊಡುಕೊಳ್ಳುವಿಕೆಯನ್ನು ಉಳಿಸಿಕೊಂಡ ಅರ್ಬುದಕೋಶಗಳೂ ಸಾಕಷ್ಟು ದೊರೆತಿರುವುದರಿಂದ ಇದನ್ನು ಸಾರ್ವತ್ರಿಕ ನಿಯಮವೆನ್ನಲಾಗದು.

ಮೊದಲನೆಯ ಪ್ರಶ್ನೆಯನ್ನು, ಎಂದರೆ ಕೋಶಗಳ ನಡುವಿನ ಜಿನುಗುವಿಕೆಯನ್ನು, ಇಲ್ಲಿ ಸಂಕ್ಷೇಪವಾಗಿ ಹೇಳಿ ಮುಗಿಸುತ್ತೇನೆ. ಮ್ಯಾಡಿನ್ ಮತ್ತು ಡಾರ್ಬಿ ಎಂಬುವರು ೧೯೫೮ರಲ್ಲಿ ನಾಯಿಯೊಂದರ ಮೂತ್ರಪಿಂಡದಿಂದ ತೆಗೆದ ಮೇಲ್ಪೊರೆಯ ಕೋಶಗಳ ಸಂತತಿಯು ಇಂದಿಗೂ ಪ್ರಯೋಗಶಾಲೆಗಳಲ್ಲಿ ಬೆಳೆಯುತ್ತಿದೆ. ಪಾತ್ರೆಯಲ್ಲಿ ಅವುಗಳ ಹಾಳೆಯು ಅಲ್ಲಲ್ಲಿ ಗುಮ್ಮಟದಂತೆ ಉಬ್ಬಿ ನಿಲ್ಲುವುದುಂಟು. ಮೇಲಣ ರಸವನ್ನು ಕೋಶಗಳು ಕೆಳಕ್ಕೆ ಸಾಗಿಸಿದುವು, ಕೆಳಗೆ ಸೇರಿದ್ದು ಹಿಂದಕ್ಕೆ ಸೋರಲಿಲ್ಲವೆಂಬುದಕ್ಕೆ ಇದೇ ಸಾಕ್ಷಿ. ೧೯೭೮ರಲ್ಲಿ ಸೆರೆಹಿದೊ ಮತ್ತು ಸಂಗಡಿಗರು ಇವನ್ನು ನೈಲಾನ್ ಬಟ್ಟೆಯ ಮೇಲೆ ಬೆಳೆಸಿ, ಈಚೆಯಿಂದಾಚೆಗೆ ಹಾಯುವುದನ್ನು ಅಳೆದರು. ಮುಚ್ಚುವಲಯವನ್ನು ಕಟ್ಟುವ ಪ್ರೋಟೀನುಗಳನ್ನು ಜಪಾನಿನ ಸುಕಿತಾ ಮತ್ತು ಶಿಷ್ಯರು ೧೯೯೩ರಲ್ಲಿಯೂ ೧೯೯೮ರಲ್ಲಿಯೂ ಕಂಡುಹಿಡಿದರು. ಎರಡನೆಯ ಗುಂಪಿಗೆ ಮುಚ್ಚುವುದೆಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಕ್ಲಾಡಿನ್ ಎಂದು ಹೆಸರಾಯಿತು. ಮರುವರ್ಷವೇ ಆ ವಂಶದ ಒಂದು ಪ್ರೋಟೀನು ಮೂತ್ರಪಿಂಡದಲ್ಲಿ ಮೆಗ್ನೀಸಿಯಂ ಕಣಗಳು ಕೋಶಗಳ ನಡುವೆ ಹಾಯಲು ಬೇಕಾದದ್ದೆಂದೂ, ಅದು ಕೆಟ್ಟರೆ ದಾರಿಯೇ ಇಲ್ಲದಾಗುವುದೆಂದೂ ಗೊತ್ತಾಯಿತು. ಮುಚ್ಚುವವನೆಂದು ಕರೆದವನೇ ಬಾಗಿಲನ್ನು ತೆರೆಯುವವನಾದನು. ಬೇಗನೆ ಇಟ್ಟ ಹೆಸರಿನ ಗತಿ ಇದು.

ಇನ್ನು ತೂಬು ಯಾವುದರಿಂದಾದುದೆಂಬುದು. ಇದನ್ನು ಕಟ್ಟುವ ಪ್ರೋಟೀನುಗಳಿಗೆ ಕನೆಕ್ಸಿನ್ ಎಂದು ಹೆಸರು. ತೂಕದ ಸಂಖ್ಯೆಯನ್ನು ಸೇರಿಸಿ ಕನೆಕ್ಸಿನ್ ೨೬, ಕನೆಕ್ಸಿನ್ ೩೨ ಎಂದು ಮುಂತಾಗಿ ಕರೆಯುವರು. ಆರು ಕನೆಕ್ಸಿನುಗಳು ವರ್ತುಲವಾಗಿ ನಿಂತು ಒಂದು ಕೋಶದ ಪಾಲಿನ ಅರ್ಧಕೊಳವಿಯಾಗುತ್ತವೆ. ನೆರೆಕೋಶದ ಅರ್ಧವು ಎದುರಾಗಿ ಬಂದು ಕೂಡಿದರೆ ದಾರಿ ಪೂರ್ಣವಾಗುತ್ತದೆ. ೨೦೦೯ರಲ್ಲಿ ಜಪಾನಿನ ವಿದ್ವಾಂಸರು ಕನೆಕ್ಸಿನ್ ೨೬ರ ಕೊಳವಿಯ ರೂಪವನ್ನು ಸ್ಫಟಿಕಮಾಡಿ ನಿರ್ಣಯಿಸಿ, ಅದರ ಅತಿ ಕಿರಿದಾದ ಎಡೆಯು ೧.೪ ನ್ಯಾನೊಮೀಟರ್ ಎಂದು ಅಳೆದರು.

ಈ ಕನೆಕ್ಸಿನ್ ೨೬ ಕಿವಿಯ ಒಳಸುರುಳಿಯ ಮೇಲ್ಪೊರೆಯಲ್ಲಿ ಹೇರಳವಾಗಿದೆ. ಶಬ್ದವನ್ನು ಗ್ರಹಿಸುವ ರೋಮಕೋಶಗಳ ಸುತ್ತ ಆಧಾರಕೋಶಗಳು ನಿಂತಿರುತ್ತವೆ. ಅವು ತಮ್ಮ ತಮ್ಮೊಳಗೆ ಈ ತೂಬುಗಳಿಂದ ಕೂಡಿಕೊಂಡಿವೆ. ರೋಮಕೋಶಗಳು ಹೊರಹಾಕಿದ ಪೊಟ್ಯಾಸಿಯಂ ಕಣಗಳನ್ನು ಇವು ಕೈಯಿಂದ ಕೈಗೆ ದಾಟಿಸಿ ಹಿಂದಿರುಗಿಸುವುವೆಂಬುದು ಬಹುಕಾಲದಿಂದ ಬಂದ ಮತ. ಸಕ್ಕರೆಯೂ ಆಜ್ಞಾವಾಹಕ ಅಣುಗಳೂ ದಾಟದಿರುವುದೇ ಹೆಚ್ಚಿನ ಹಾನಿಯೆಂಬುದು ಈಚಿನ ಕೆಲವರ ಮತ. ಹೇಗಿದ್ದರೂ, ಈ ಪ್ರೋಟೀನಿನ ಲೇಖವು ಕೆಟ್ಟರೆ ಹುಟ್ಟುಕಿವುಡು ಬರುವುದೆಂದು ೧೯೯೭ರಲ್ಲಿ ಕೆಲ್ಸೆಲ್ ಮತ್ತು ಸಂಗಡಿಗರು ತೋರಿಸಿದರು. ಯೂರೋಪಿನವರಲ್ಲಿ ಒಂದು ಬಗೆಯ ಲೋಪವು ಹೆಚ್ಚು. ನಮ್ಮ ದೇಶದಲ್ಲಿ ಹೆಚ್ಚಾಗಿರುವುದು ಬೇರೆ. ೨೦೦೩ರಲ್ಲಿ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದ ಅನುರಂಜನ್ ಆನಂದ್ ಮತ್ತು ಸಹೋದ್ಯೋಗಿಗಳು ಭಾರತದ ಕುಟುಂಬಗಳನ್ನು ಪರೀಕ್ಷಿಸಿ ಪ್ರಕಟಿಸಿದ ಲೇಖನದಲ್ಲಿ ಇದನ್ನು ನಿರೂಪಿಸಿದ್ದಾರೆ. ೨೨೬ ಅಮೈನೊ ಆಮ್ಲಗಳ ಸರಣಿಯಾದ ಈ ಪ್ರೋಟೀನಿನಲ್ಲಿ ೨೪ನೆಯ ಸ್ಥಾನದಲ್ಲಿ ಒಂದು ಅಕ್ಷರವು ಮಾರ್ಪಟ್ಟು ಪೂರ್ಣವಿರಾಮವಾಗಿಬಿಟ್ಟಿದೆ. ಹಸ್ತಪ್ರತಿಗಳಲ್ಲಿ ಗ್ರಂಥಪಾತವನ್ನು ಕಂಡ ನಮಗೆ ಇದು ಅಪರಿಚಿತವಲ್ಲ. ಬೇರೆ ಬೇರೆ ಪ್ರತಿಗಳಲ್ಲಿ ಒಂದೇ ಸ್ಥಳದಲ್ಲಿ ಒಂದೇ ಲೋಪವೂ, ಅದರ ಆಸುಪಾಸಿನಲ್ಲಿ ಅವೇ ಪಾಠಗಳೂ ಇದ್ದರೆ ಅವೆಲ್ಲವೂ ಒಂದೇ ಮಾತೃಕೆಯಿಂದ ಇಳಿದುವೆಂದು ನಾವು ನಿರ್ಣಯಿಸುವುದಿಲ್ಲವೆ? ಅದೇ ನ್ಯಾಯದಿಂದ ಆ ವಿದ್ವಾಂಸರೂ ಈ ಲೋಪವು ಹಿಂದಿನ ಒಂದು ಮೂಲದಿಂದ ವಂಶಾನುಕ್ರಮವಾಗಿ ಹರಡಿತೆಂದು ಊಹಿಸಿದ್ದಾರೆ. ತಂದೆತಾಯಿಗಳಿಬ್ಬರಿಂದಲೂ ಕೆಟ್ಟ ಪ್ರತಿಯೇ ಬಂದಲ್ಲಿ ಮಾತ್ರ ಮಗುವಿಗೆ ಕಿವುಡು. ಒಂದೊಂದೇ ಪ್ರತಿಯುಳ್ಳ ತಂದೆತಾಯಿಗಳಿಗೆ ಕಿವಿ ಚೆನ್ನಾಗಿಯೇ ಕೇಳುವುದು.

ಮೈಸೂರಿನಲ್ಲಿ ಈ ವಿಷಯಕ್ಕೆ ಬೇರೆ ಕಡೆಗಿಂತ ಹೆಚ್ಚಿನ ಪ್ರಾಶಸ್ತ್ಯವಿದೆ. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ದೇಶದ ನಾನಾ ಭಾಗಗಳಿಂದ ಕಿವಿ ಕೇಳದ ಮಕ್ಕಳನ್ನು ಕರೆತರುವರು. ಅಂಥ ತಂದೆತಾಯಿಗಳಿಗೆ ಕನ್ನಡದಲ್ಲಿ ತಿಳಿಯಹೇಳಬೇಕಾದವರು ಯಾವ ಮಾತನ್ನು ಉಪಯೋಗಿಸಬೇಕು? ಅಲ್ಲಿ ಬಿರುಕು ಬಿಟ್ಟಿಲ್ಲ, ಯಾರೂ ಬಿದ್ದುದರಿಂದ ಆದುದಲ್ಲ. ಇರಬೇಕಾದ ತೂಬು ಕಟ್ಟಲ್ಪಟ್ಟಿಲ್ಲ. ನಮ್ಮ ಬಂಧುಗಳ ಮನೆಯ ತಾಯಿಗೆ ಹೀಗೆ ಹೇಳಿದಾಗ ಅವಳು ಕೇಳಿದ್ದು ಒಂದೇ ಮಾತು: "ಹಾಗಾದರೆ ಅದು ನಾನು ಬಿದ್ದದ್ದರಿಂದ ಅಲ್ಲವೇನು, ದೊಡ್ಡಪ್ಪ?"

ಹಿಂದಿನವರು ಇದನ್ನೆಲ್ಲ ಬಲ್ಲವರಾಗಿದ್ದರೆಂದು ಹೇಳುವ ಚಾಪಲ್ಯವು ಈಚೆಗೆ ಹೆಚ್ಚಾಗಿದೆ. ಸುಶ್ರುತನು ಶರೀರದಲ್ಲಿ ೨೧೦ ಸಂಧಿಗಳನ್ನು ಎಣಿಸಿ, ಇವು ಅಸ್ಥಿಸಂಧಿಗಳು ಮಾತ್ರ, ಪೇಶೀ ಸ್ನಾಯು ಸಿರೆಗಳ ಸಂಧಿಗಳಿಗೆ ಎಣಿಕೆಯಿಲ್ಲ ಎಂದು ಹೇಳಿರುವುದು ನಿಜ. ಇದನ್ನು ಹಿಡಿದು ಕೋಶಸಂಧಿಯನ್ನು ಸುಶ್ರುತನಿಗೆ ಆರೋಪಿಸುವುದು ಆ ಮಹಾನುಭಾವನಿಗೆ ಗೌರವವಲ್ಲ. ಕಂಡಷ್ಟನ್ನು ಎಣಿಸಿ, ಎಣಿಸಲಾಗದ್ದನ್ನು ಎಣಿಸಲಾಗದೆಂದನು. ಅದೇ ಅವನ ಹಿರಿಮೆ. ನಮಗೆ ಹಿಂದಿನವರಿಂದ ಬೇಕಾದುದು ಶಬ್ದ. ಬೆಳ್ಳಾವೆ ವೆಂಕಟನಾರಣಪ್ಪನವರು ೧೯೧೮ರಲ್ಲಿ 'ವಿಜ್ಞಾನ' ಮಾಸಪತ್ರಿಕೆಯನ್ನು ಹೊರಡಿಸತೊಡಗಿದರು. ಪಂಪಭಾರತದ ಪರಿಷತ್ತಿನ ಆವೃತ್ತಿಗೂ ಅವರೇ ದುಡಿದರು. ಒಂದೇ ಕೈ ಎರಡು ಕೆಲಸಗಳನ್ನೂ ಮಾಡಬಹುದೆಂಬುದಕ್ಕೆ ಅವರಿಗಿಂತ ಬೇರೆ ಪ್ರಮಾಣ ಬೇಡ.

ತೂಬು ಹಳಗನ್ನಡದ ತೂಂಬು; ಕೆರೆಗಳ ಶಾಸನಗಳಲ್ಲಿ ದೊರೆಯುವ ಮಾತು. ಕೆರೆಯ ತೂಬಿಗೆ ಅಗಲವು ನಿಯತ, ಮುಚ್ಚುವ ಬಿರಡೆಯುಂಟು, ಹರಿಯುವುದು ಹಿಡಿತದಲ್ಲಿರುತ್ತದೆ. ಇವು ಮೂರೂ ಕೋಶದ ತೂಬಿನ ಲಕ್ಷಣಗಳು. ತೂಬುಸಂಧಿ ಎನ್ನೋಣವೆಂದರೆ ಮತ್ತೆ ಅರಿಸಮಾಸವು ಬಂದೊದಗಿತು. ಕೇಶಿರಾಜನ ಮಾತನ್ನು ದಾಟಲು ಒಲ್ಲದೆ ಕೆಲವು ದಿನ ತೊಳಲಿದ ಮೇಲೆ, ಉಪಾಯವು ನಮ್ಮ ಮನೆಯ ಮಗ್ಗುಲಲ್ಲಿಯೇ ಇದ್ದುದು ಹೊಳೆಯಿತು. ಸಂಧಿಯ ತದ್ಭವ ಸಂದಿ. ಎರಡು ಮನೆಗಳ ನಡುವಣ ಇಕ್ಕಟ್ಟಾದ ದಾರಿಯನ್ನು ನಾವು ಸಂದಿಯೆನ್ನುತ್ತೇವೆ. ತತ್ಸಮವು ಕೂಡುವಿಕೆಯನ್ನು ಹೇಳಿದರೆ ತದ್ಭವವು ಕೂಡುವೆಡೆಯಲ್ಲಿ ಉಳಿದ ಕಿರಿದಾದ ಅಂತರವನ್ನು ಹೇಳುತ್ತದೆ! ಆಂಗ್ಲರು ಎರಡು ಪದಗಳನ್ನು ಸೇರಿಸಿ ಹೇಳಿದುದು ನಮ್ಮಲ್ಲಿ ಒಂದೇ ಪದದ ಎರಡು ರೂಪಗಳಲ್ಲಿ ಅಡಗಿದೆ. ದೇಶ್ಯಕ್ಕೂ ತದ್ಭವಕ್ಕೂ ಸಮಾಸವು ನಿರ್ದುಷ್ಟವಾದುದರಿಂದ ತೂಬುಸಂದಿಯೆನ್ನಲು ಅಡ್ಡಿಯಿಲ್ಲ. ಮುಚ್ಚುವಲಯಕ್ಕೆ ಬಿಗಿಸಂದಿ, ಅಂಟುವಲಯಕ್ಕೆ ಅಂಟುಸಂದಿ ಎಂದರೆ ಮೂರಕ್ಕೂ ಒಂದೇ ಧಾಟಿಯಾಯಿತು. ಕನೆಕ್ಸಿನ್ ಎಂಬುದನ್ನು ಹಾಗೆಯೇ ಇಟ್ಟುಕೊಳ್ಳುವುದು ಲೇಸು. ವಸ್ತುವಿನ ಅಂಕಿತನಾಮವನ್ನು ಅನುವಾದಿಸುವುದು ಉಚಿತವಲ್ಲ.

ಅಧ್ಯಾಪಕರು ಇವನ್ನು ಒಪ್ಪಿ ಹಸ್ತಪ್ರತಿಯಲ್ಲಿ ತಿದ್ದಿಕೊಂಡರು. ಒಂದು ಮಾತು ಮಾತ್ರ ಉಳಿಯಿತು: ಒಂದೊಂದು ಕೋಶವೂ ತನ್ನ ಪಾಲಿಗೆ ಕಟ್ಟುವ ಅರ್ಧಕೊಳವಿಗೆ ಏನೆನ್ನುವುದು? ಅರೆ ಎಂಬುದರ ಮುಂದೆ ತೂಬು ಬಂದರೆ ತಕಾರಕ್ಕೆ ದಕಾರವು ಆದೇಶವಾಗಿ ಅರೆದೂಬು ಎಂದಾಗುವುದು. ಎರಡು ಅರೆದೂಬುಗಳು ಎದುರುಬದುರಾಗಿ ಕೂಡಿದಲ್ಲಿ ತೂಬು.